ಮೊದಲ ಕ್ಯಾಮೆರಾಕ್ಕೆ 50 ಸಾವಿರ: ಅರ್ಧ ದುಡ್ಡು ಲೆನ್ಸ್‌ಗೆ ಇಡಿ

ಪ್ರಶ್ನೆ: ನಮ್ಮದು ಲಕ್ಷ್ಮೇಶ್ವರ. ಇಲ್ಲೇ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ದಿನ ಮೊಬೈಲ್‌ನಲ್ಲೇ ಫೋಟೋ ತೆಗೆಯುತ್ತಿದ್ದೆ. ದೀಪಾವಳಿಗೆ ಒಂದು ಕ್ಯಾಮೆರಾ ತಗೋಬೇಕು ಅಂತ 50 ಸಾವಿರ ರೂಪಾಯಿ ಕೂಡಿಸಿಟ್ಟಿದ್ದೇನೆ. ಮಾಗಡಿ ಕೆರೆಯ ಹಕ್ಕಿಗಳು, ಲಕ್ಕುಂಡಿ ಕಡೆಯ ಗುಡಿಗಳು, ಬೇಸಿಗೆಯಲ್ಲಿ ಅಕ್ಕನ ಮದುವೆ, ಇವನ್ನೆಲ್ಲ ತೆಗೆಯುವ ಆಸೆ. ಹುಬ್ಬಳ್ಳಿಯ ಅಂಗಡಿಯವರು ಹೊಸ ಮಿರರ್‌ಲೆಸ್ ತಗೊಳ್ಳಿ, ಮೇಲಿನ ದುಡ್ಡಿಗೆ ಇಎಂಐ ಮಾಡಿಕೊಡ್ತೀವಿ ಅನ್ನುತ್ತಾರೆ. ಪರಿಚಯದ ಸ್ಟುಡಿಯೋದವರೊಬ್ಬರು ತಮ್ಮ ಹಳೆಯ ಕ್ಯಾನನ್ 6ಡಿ ಫುಲ್ ಫ್ರೇಮ್ ಬಾಡಿಯನ್ನು 35 ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ, ಲೆನ್ಸ್ ಇಲ್ಲ. ಅಪ್ಪ ಮಾತ್ರ ‘ಮೊಬೈಲ್‌ನಾಗ ಏನ್ ಕಮ್ಮಿ ಐತಿ?’ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. 6ಡಿ ಬೇಡ. ಇಎಂಐ ಕೂಡ ಬೇಡ. ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಹುಡುಕಿ, 18-55 ಲೆನ್ಸ್ ಜೊತೆಗಿರುವುದು (ಲೆನ್ಸ್‌ನ ಈ ಅಂಕಿ ಎಂಎಂನಲ್ಲಿ, ಅದು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಅದಕ್ಕೆ ನಿಮ್ಮ ಹತ್ತಿರ ಇರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಹೋಗದ ಹಾಗೆ ನೋಡಿಕೊಳ್ಳಿ. ಉಳಿದ ಅರ್ಧದಲ್ಲಿ ಹಕ್ಕಿಗಳಿಗೆ 55-250 ಲೆನ್ಸ್, ಮದುವೆಗೆ 50 ಎಂಎಂ ಎಫ್ 1.8 ಲೆನ್ಸ್, ಎರಡು ಕಾರ್ಡ್, ಒಂದು ಹೆಚ್ಚುವರಿ ಬ್ಯಾಟರಿ. ಒಂದೊಂದನ್ನೂ ಯಾಕೆ ಹೇಳಿದೆ ಅನ್ನುವುದು ನಿಮಗೆ ಗೊತ್ತಿರಬೇಕು, ಯಾಕಂದರೆ ಅಂಗಡಿಯಲ್ಲಿ ನಿಂತಾಗ ಬೇರೆ ಬೇರೆ ಮಾತು ಕಿವಿಗೆ ಬೀಳುತ್ತವೆ.

ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಹಗಲು ಬೆಳಕಿನಲ್ಲಿ ಮನೆಮಂದಿ, ಊಟದ ತಾಟು, ಹೊಲ, ಮೋಡ ಇವನ್ನೆಲ್ಲ ಮೊಬೈಲ್ ಚೆಂದ ತೆಗೆಯುತ್ತದೆ. ರಾತ್ರಿ ಹೊತ್ತು ಹಲವು ಚಿತ್ರಗಳನ್ನು ಕೂಡಿಸಿ ಒಂದು ಮಾಡುವ ಕೆಲಸವನ್ನೂ ಈಗಿನ ಮೊಬೈಲ್‌ಗಳು ತಾವೇ ಮಾಡುತ್ತವೆ. ಬರೀ ಇಷ್ಟೇ ನಿಮ್ಮ ಆಸೆಯಾಗಿದ್ದರೆ ದುಡ್ಡನ್ನು ಬ್ಯಾಂಕಿನಲ್ಲಿಡಿ ಅನ್ನುತ್ತಿದ್ದೆ. ಆದರೆ ಮೊಬೈಲ್ ಸೋಲುವ ಜಾಗ ಎರಡಿವೆ. ಒಂದು, ದೂರದಲ್ಲಿರುವುದು. ಇನ್ನೊಂದು, ಮಂದ ಬೆಳಕಿನಲ್ಲಿ ಓಡಾಡುವುದು. ನೀವು ಬರೆದ ಪಟ್ಟಿಯಲ್ಲಿ ಹಕ್ಕಿ ಮೊದಲನೆಯದಕ್ಕೆ ಸೇರುತ್ತದೆ, ಮದುವೆ ಎರಡನೆಯದಕ್ಕೆ. ಅಪ್ಪನಿಗೆ ಇಷ್ಟು ಹೇಳಿ, ಒಪ್ಪುತ್ತಾರೆ.

ಹಕ್ಕಿಯಿಂದ ಶುರುಮಾಡೋಣ, ಯಾಕಂದರೆ ನಿಮ್ಮ ಖರ್ಚಿನ ಲೆಕ್ಕವನ್ನು ತೀರ್ಮಾನಿಸುವುದು ಅದೇ. ಮಾಗಡಿ ಕೆರೆ ನಿಮ್ಮ ಮಗ್ಗುಲಲ್ಲೇ ಇದೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಅದು ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂದಾಗ ಬಹಳ ಜನ ಮೊದಲ ಸಲ ಅದರ ಹೆಸರು ಕೇಳಿದರು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ, ಬಿಸಿಲು ಏರುವ ಹೊತ್ತಿಗೆ ಹೊರಟುಬಿಡುತ್ತವೆ. ದಂಡೆಯಿಂದ ಅವು ಕೂರುವ ಜಾಗ ದೂರ. 18-55 ಲೆನ್ಸ್‌ನಲ್ಲಿ ತೆಗೆದರೆ ನೀರಿನ ಮೇಲೆ ಚುಕ್ಕೆ ಇಟ್ಟ ಹಾಗೆ ಕಾಣುತ್ತವೆ, ಅಷ್ಟೇ. 250 ಎಂಎಂ ಬೇಕೇ ಬೇಕು.

200ಡಿಯಂಥ ಕ್ರಾಪ್ ಸೆನ್ಸರ್ ಕ್ಯಾಮೆರಾಗಳಿಂದ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಾಗಿರುವವುಗಳಿಂದ, ಇಲ್ಲಿ ಲಾಭವಿದೆ. ಅದರ ಸೆನ್ಸರ್ 22.3 × 14.9 ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್ ಸುಮಾರು 36 × 24. ಚಿಕ್ಕ ಸೆನ್ಸರ್ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 250 ಎಂಎಂ ಲೆನ್ಸ್ ಫುಲ್ ಫ್ರೇಮ್‌ನ 400 ಎಂಎಂನಷ್ಟು ಹತ್ತಿರ ತಂದು ತೋರಿಸುತ್ತದೆ. 1.6 ಪಟ್ಟು ಅಂತ ಲೆಕ್ಕ. ಇದೇ ಕೆಲಸವನ್ನು 6ಡಿಯಲ್ಲಿ ಮಾಡಬೇಕು ಅಂದರೆ ನಿಜವಾದ 400 ಎಂಎಂ ಲೆನ್ಸ್ ಬೇಕು. ಅದರ ಒಂದರ ಬೆಲೆಯೇ ನಿಮ್ಮ ಕೈಯಲ್ಲಿರುವ ಪೂರ್ತಿ ದುಡ್ಡನ್ನು ಮೀರುತ್ತದೆ.

6ಡಿ ಕೆಟ್ಟ ಕ್ಯಾಮೆರಾ ಅಂತ ಖಂಡಿತ ಹೇಳುತ್ತಿಲ್ಲ. 2012ರಲ್ಲಿ ಬಂದದ್ದು, 20 ಮೆಗಾಪಿಕ್ಸೆಲ್, ಕತ್ತಲಲ್ಲಿ ಈಗಲೂ ಚೆಂದ ಕೆಲಸ ಮಾಡುತ್ತದೆ. ತೊಂದರೆ ಇರುವುದು ಲೆಕ್ಕದಲ್ಲಿ. 35 ಸಾವಿರ ಬಾಡಿಯಲ್ಲೇ ಹೋದರೆ ಉಳಿಯುವುದು 15 ಸಾವಿರ. ಅಗ್ಗದ 18-55, 55-250 ಲೆನ್ಸ್‌ಗಳು ಇಎಫ್-ಎಸ್ ಜಾತಿಯವು, ಅವು ಕ್ಯಾನನ್ ಫುಲ್ ಫ್ರೇಮ್ ಬಾಡಿಗಳಿಗೆ ಕೂರುವುದೇ ಇಲ್ಲ. ಅಂದರೆ ಒಂದು 50 ಎಂಎಂ ಹಾಕಿಕೊಂಡು ಕೂರಬೇಕು. ಹಕ್ಕಿಯೂ ಇಲ್ಲ, ಗುಡಿಯ ಪೂರ್ತಿ ಮುಂಭಾಗವೂ ಇಲ್ಲ. ಅದೂ ಅಲ್ಲದೆ ಮದುವೆ ಸ್ಟುಡಿಯೋದ ಕ್ಯಾಮೆರಾ ಸೀಸನ್ ತುಂಬ ದುಡಿದಿರುತ್ತದೆ.

ಹೆಬ್ಬಾತಿನ ಬಗ್ಗೆ ಇನ್ನೊಂದು ಮಾತು. ಅದರ ತಲೆ ಬೆಳ್ಳಗೆ, ಮೇಲೆ ಎರಡು ಕರಿ ಪಟ್ಟೆ. ಸುತ್ತ ನೀರು ಕಪ್ಪಗಿದ್ದರೆ ಕ್ಯಾಮೆರಾ ಚಿತ್ರವನ್ನು ತಾನಾಗಿ ಬೆಳ್ಳಗೆ ಮಾಡಲು ನೋಡುತ್ತದೆ. ಆಗ ತಲೆಯ ಬಿಳುಪೆಲ್ಲ ಸುಟ್ಟು ಹೋಗಿ, ಪುಕ್ಕದ ಒಂದು ಎಳೆಯೂ ಉಳಿಯುವುದಿಲ್ಲ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಳಿಸುವ ಸೆಟ್ಟಿಂಗ್) ಅನ್ನು ಮೈನಸ್ ಕಡೆಗೆ ಮೂರರಲ್ಲಿ ಎರಡು ಸ್ಟಾಪ್‌ನಷ್ಟು (-2/3) ಇಳಿಸಿ. ಹಾರುವ ಹಕ್ಕಿಗೆ ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಇಡಬೇಡಿ. ಬೆಳಗಿನ ಬಿಸಿಲಿನಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 400ರಿಂದ 800ರೊಳಗೆ ಇದು ಆಗಿಹೋಗುತ್ತದೆ. ಮೊಬೈಲ್‌ನಲ್ಲಿ ಇಂಥ ಹಿಡಿತ ನಿಮಗೆ ಸಿಕ್ಕಿರಲಿಕ್ಕಿಲ್ಲ. ಕ್ಯಾಮೆರಾ ಕೊಳ್ಳುವುದರಲ್ಲಿ ಅರ್ಥ ಇರುವುದೇ ಇಲ್ಲಿ.

ಈಗ ಗುಡಿ ಮತ್ತು ಮದುವೆ. ಎರಡೂ ಕತ್ತಲು ಜಾಗಗಳೇ, ಆದರೆ ಎರಡಕ್ಕೂ ಬೇಕಾದ ಲೆನ್ಸ್ ಬೇರೆ. ಹೊಸಬರು ಇಲ್ಲಿ ಬಹಳ ಗೊಂದಲ ಮಾಡಿಕೊಳ್ಳುತ್ತಾರೆ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಒಳಗೆ ನಿಂತು ತಿರುಗಣಿಯಲ್ಲಿ ಕಡೆದಂಥ ಆ ಕಂಬಗಳನ್ನು ತೆಗೆಯುತ್ತೀರಿ ಅಂತಿಟ್ಟುಕೊಳ್ಳಿ. ಬೆಳಕು ಕಮ್ಮಿ, ಆದರೆ ಕಂಬ ಅಲುಗಾಡುವುದಿಲ್ಲ. ಅಲುಗಾಡುವುದು ನಿಮ್ಮ ಕೈ. ಇದಕ್ಕೆ ಮದ್ದು ಲೆನ್ಸ್‌ನ ಸ್ಟೆಬಿಲೈಸೇಶನ್, ಕ್ಯಾನನ್‌ನಲ್ಲಿ ಐಎಸ್ ಅಂತ ಬರೆದಿರುತ್ತದೆ. 18 ಎಂಎಂನಲ್ಲಿ ಐಎಸ್ ಹಾಕಿಕೊಂಡು, ಉಸಿರು ಹಿಡಿದು, 1/15 ಸೆಕೆಂಡಿನಲ್ಲೂ ಅಲುಗಾಡದ ಚಿತ್ರ ತೆಗೆಯಬಹುದು. ಟ್ರೈಪಾಡ್ ಒಯ್ಯೋಣ ಅಂದರೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಹಾಗಾಗಿ ನಿಮ್ಮ 18-55ರ ಮೇಲೆ ಐಎಸ್ ಅಂತ ಇದೆಯಾ ನೋಡಿಕೊಳ್ಳಿ. ಐಎಸ್ ಇಲ್ಲದ 18-55 ಕೂಡ ಮಾರ್ಕೆಟ್‌ನಲ್ಲಿದೆ, ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹೊರಗೋಡೆಯ ಕೆತ್ತನೆಗೆ ಯಾವ ಲೆನ್ಸ್ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋದಿರಿ ಅನ್ನುವುದು ಮುಖ್ಯ. ಬಿಸಿಲು ಪಕ್ಕದಿಂದ ಬೀಳುವ ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಆ ಕಲ್ಲಿನ ಕೆತ್ತನೆ ಎದ್ದು ಬರುತ್ತದೆ. ನಡು ಮಧ್ಯಾಹ್ನ ಹೋದರೆ ಚಪ್ಪಟೆ.

ಮದುವೆಯಲ್ಲಿ ಜನ ಸುಮ್ನೆ ನಿಲ್ಲುವುದಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ನೂರು ಕೈ ಒಟ್ಟಿಗೆ ಮೇಲೇಳುತ್ತವೆ. ಅಲ್ಲಿ ಐಎಸ್ ಏನೂ ಮಾಡಲಾರದು. ನಿಮ್ಮ ಕೈ ಗಟ್ಟಿ ನಿಂತರೂ ಎದುರಿನವರ ಕೈ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ದೊಡ್ಡ ಅಪರ್ಚರ್, ಅಂದರೆ ಬೆಳಕು ಜಾಸ್ತಿ ಒಳಗೆ ಬಿಡುವ ಲೆನ್ಸ್. ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆ ಬರುವ ಆ 18-55, ಜೂಮ್ ಮಾಡಿದ ತುದಿಯಲ್ಲಿ ಎಫ್ 5.6 ಕೊಡುತ್ತದೆ. 50 ಎಂಎಂ ಲೆನ್ಸ್ ಎಫ್ 1.8 ಕೊಡುತ್ತದೆ. ಈ ಎರಡರ ನಡುವೆ ಬೆಳಕಿನ ವ್ಯತ್ಯಾಸ ಹೆಚ್ಚೂಕಡಿಮೆ ಹತ್ತು ಪಟ್ಟು. ಕಿಟ್ ಲೆನ್ಸ್ 1/10 ಸೆಕೆಂಡ್ ಕೇಳುವ ಕಡೆ ಇದು 1/100ರಲ್ಲಿ ಕೆಲಸ ಮುಗಿಸುತ್ತದೆ. ಕ್ಯಾನನ್‌ನ ಲೆನ್ಸ್‌ಗಳಲ್ಲಿ ತೀರಾ ಅಗ್ಗದವುಗಳ ಪೈಕಿ ಇದೂ ಒಂದು. ಇದಕ್ಕೆ ದುಡ್ಡು ಉಳಿಸಿಕೊಳ್ಳದೆ ಬಾಡಿಯ ಮೇಲೆ ಎಲ್ಲವನ್ನೂ ಸುರಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಈ 1/100 ಅನ್ನುವ ಅಂಕಿಯನ್ನು ಕಲ್ಯಾಣ ಮಂಟಪದಲ್ಲಿ ನೆನಪಿಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. 1/250 ಅಂತ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಮಬ್ಬು, ಕೆಲವೊಮ್ಮೆ ಚಿತ್ರದ ಅಡ್ಡಕ್ಕೆ ಹಳದಿ ಪಟ್ಟೆ. 1/100 ಅಥವಾ 1/50 ಇಟ್ಟರೆ ಒಂದು ಪೂರ್ತಿ ಮಿಣುಕು ಸೆನ್ಸರ್‌ಗೆ ಸಿಗುತ್ತದೆ, ಈ ಕಾಟ ತಪ್ಪುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ತಿಳಿದು ಮಾರಿಬಿಟ್ಟವರೂ ಇದ್ದಾರೆ.

ಮದುವೆಯ ಬಗ್ಗೆ ಒಂದು ಸಲಹೆ, ನೀವು ಕೇಳದಿದ್ದರೂ. ಅಕ್ಕನ ಮದುವೆಯ ಮುಖ್ಯ ಫೋಟೋಗ್ರಾಫರ್ ನೀವಾಗಬೇಡಿ. ಅದಕ್ಕೆ ಕೆಲಸ ಗೊತ್ತಿರುವವರನ್ನು ಕರೆಯಿರಿ. ನೀವು ಅರಿಷಿಣ ಹಚ್ಚುವಾಗ, ಸುರಗಿ ಸುತ್ತುವಾಗ, ಹಿಂದಿನ ದಿನ ಅಡುಗೆಯವರ ಒಲೆಯ ಹತ್ತಿರ ಓಡಾಡಿಕೊಂಡು ತೆಗೆಯಿರಿ. ಮನೆಯವರಿಗಷ್ಟೇ ಸಿಗುವ ಮುಖಗಳು ಅಲ್ಲಿರುತ್ತವೆ. ಸ್ಟೇಜಿನ ಮೇಲೆ ನಿಮ್ಮ ಜಾಗ ಅಕ್ಕನ ಪಕ್ಕ.

ಮಿರರ್‌ಲೆಸ್ ಬಗ್ಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಮುಂದಿನ ದಾರಿ ಅದೇ. ಕ್ಯಾನನ್, ನಿಕಾನ್ ಎರಡೂ 2018ರಿಂದ ಆ ಕಡೆ ವಾಲಿವೆ, ಹೊಸ ಲೆನ್ಸ್‌ಗಳೂ ಅದಕ್ಕೇ ಬರುತ್ತಿವೆ. ಒಳಗೆ ಕನ್ನಡಿ ಇಲ್ಲ, ಹಾಗಾಗಿ ಹಗುರ. ಚಿತ್ರ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆ ಅಂತ ಬಟನ್ ಒತ್ತುವ ಮೊದಲೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಸಹಾಯ. ಕ್ಯಾನನ್ ಆರ್50ಯಂಥ ಕ್ಯಾಮೆರಾ ಮನುಷ್ಯರ ಕಣ್ಣು ಮಾತ್ರವಲ್ಲ, ಹಕ್ಕಿಯನ್ನೂ ಗುರುತಿಸಿ ಫೋಕಸ್ ಹಿಡಿಯುತ್ತದೆ. ನಿಮ್ಮ ದುಡ್ಡು ಇನ್ನಷ್ಟಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ 50 ಸಾವಿರದಲ್ಲಿ ಹೊಸ ಮಿರರ್‌ಲೆಸ್ ತಗೊಂಡರೆ ಒಂದು ಕಿಟ್ ಲೆನ್ಸ್‌ಗೆ ನಿಂತುಹೋಗುತ್ತೀರಿ. ಹಕ್ಕಿಗೆ ಬೇಕಾದ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವುದು) ಮುಂದಿನ ವರ್ಷ ಅಂತಾಗುತ್ತದೆ, ಅಷ್ಟೊತ್ತಿಗೆ ಹೆಬ್ಬಾತುಗಳು ಒಂದು ಸಲ ಬಂದು ಹೋಗಿರುತ್ತವೆ.

ಆರ್100 ಅಗ್ಗ ಅಂತ ತೋರಿಸಬಹುದು. ಅದರ ಸ್ಕ್ರೀನ್ ಮುಟ್ಟಿದರೆ ಕೆಲಸ ಮಾಡುವುದಿಲ್ಲ, ಹೊರಳುವುದೂ ಇಲ್ಲ, ಫೋಕಸ್ ಹಕ್ಕಿಯನ್ನು ಗುರುತಿಸುವುದೂ ಇಲ್ಲ. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಚೆಂದದ ಕ್ಯಾಮೆರಾಗಳೇ, ವಿಡಿಯೋ ಮಾಡುವವರಿಗೆ ಹೇಳಿ ಮಾಡಿಸಿದವು. ಆದರೆ ಅವೆರಡಕ್ಕೂ ವ್ಯೂಫೈಂಡರ್ ಇಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ, ಕೆರೆ ದಂಡೆಯ ಮೇಲೆ ಹತ್ತು ಗಂಟೆಯ ನಂತರ ಹಿಂದಿನ ಸ್ಕ್ರೀನ್‌ನಲ್ಲಿ ಏನೂ ಕಾಣುವುದಿಲ್ಲ. ಕಣ್ಣಿಗೆ ಒತ್ತಿ ನೋಡುವ ಕಿಂಡಿ ಇರದ ಕ್ಯಾಮೆರಾವನ್ನು ಹೊಲ, ಕೆರೆ, ಜಾತ್ರೆ ಅಂತ ತಿರುಗುವವರಿಗೆ ನಾನು ಹೇಳುವುದಿಲ್ಲ. ಕಣ್ಣಿಗೆ ಒತ್ತಿ ಹಿಡಿದಾಗ ಟೆಲಿ ಲೆನ್ಸ್ ಕೂಡ ಗಟ್ಟಿಯಾಗಿ ನಿಲ್ಲುತ್ತದೆ.

200ಡಿಯಂಥ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಹಳೆಯದಾಯಿತು, ದುಡ್ಡು ಹಾಳಾಗುತ್ತದೆ ಅನ್ನುವ ಹೆದರಿಕೆಗೆ ಒಂದು ಸಮಾಧಾನವಿದೆ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಒಂದು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಆರ್ ಸಾಲಿನ ಮಿರರ್‌ಲೆಸ್ ಬಾಡಿಗಳ ಮೇಲೂ ಆಟೋಫೋಕಸ್ ಸಹಿತ ನಡೆಯುತ್ತವೆ. ಅಂದರೆ ಮೂರ್ನಾಲ್ಕು ವರ್ಷದ ನಂತರ ನೀವು ಬಾಡಿ ಬದಲಿಸಿದರೂ ಈಗ ಕೊಂಡ 55-250, 50 ಎಂಎಂ ಜೊತೆಗೇ ಬರುತ್ತವೆ. ಲೆನ್ಸ್‌ಗೆ ದುಡ್ಡು ಹಾಕಿ ಅಂತ ಒತ್ತಿ ಹೇಳುವುದು ಇದಕ್ಕೇ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 24 ಮೆಗಾಪಿಕ್ಸೆಲ್ ಅಂದರೆ 6000 × 4000 ಚುಕ್ಕೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 20 × 13 ಇಂಚಿನ ಪ್ರಿಂಟ್ ಬರುತ್ತದೆ. ಮದುವೆ ಆಲ್ಬಮ್‌ನ ಒಂದು ಪುಟ 12 × 18. ಸಾಕು.

ಸೆಕೆಂಡ್ ಹ್ಯಾಂಡ್ ನೋಡುವಾಗ ನಾಚಿಕೊಳ್ಳಬೇಡಿ, ಅರ್ಧ ಗಂಟೆ ತಗೊಳ್ಳಿ. ನಿಮ್ಮದೇ ಒಂದು ಮೆಮರಿ ಕಾರ್ಡ್ ಒಯ್ಯಿರಿ. ಮೊದಲು ಲೆನ್ಸ್ ಬಿಚ್ಚಿಸಿ, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಕ್ಯಾನನ್ ಲೆನ್ಸ್ ಬಿಚ್ಚಿದಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ, ಒಳಗೆಲ್ಲ ಕಾಣುತ್ತದೆ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಆದರೆ ಜೇಡರ ಬಲೆಯಂಥ ಸಣ್ಣ ಎಳೆಗಳು ಗಾಜಿನ ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ ಅದು ಫಂಗಸ್. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಧಾರವಾಡದ ಮಳೆಗಾಲದಲ್ಲಿ ಬ್ಯಾಗಿನೊಳಗೇ ಮುಚ್ಚಿಟ್ಟ ಲೆನ್ಸ್‌ಗಳಲ್ಲಿ ಇದನ್ನು ಬಹಳ ನೋಡಿದ್ದೇನೆ.

ಆಮೇಲೆ ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಆಕಾಶ ಅಥವಾ ಬಿಳಿ ಗೋಡೆಯ ಫೋಟೋ ತೆಗೆಯಿರಿ, ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಇದು ಕ್ಲೀನ್ ಮಾಡಿದರೆ ಹೋಗುತ್ತದೆ, ಆದರೆ ಬೆಲೆ ಇಳಿಸಿ ಅಂತ ಕೇಳಲು ನಿಮಗೆ ಕಾರಣ ಸಿಕ್ಕಿತು. ಜೂಮ್‌ನ ಎರಡೂ ತುದಿಯಲ್ಲಿ ಹತ್ತಿರದ್ದು, ದೂರದ್ದು ಫೋಕಸ್ ಮಾಡಿ ನೋಡಿ. ಬ್ಯಾಟರಿ ಉಬ್ಬಿದೆಯಾ ನೋಡಿ, ಮೇಜಿನ ಮೇಲೆ ಇಟ್ಟರೆ ಗೊತ್ತಾಗುತ್ತದೆ. ಹಿಡಿಯುವ ಜಾಗದ ರಬ್ಬರ್ ಸವೆದು ನುಣುಪಾಗಿದ್ದರೆ, ಬಟನ್ ಮೇಲಿನ ಗುರುತು ಅಳಿಸಿದ್ದರೆ, ‘ಮನೆಯಲ್ಲೇ ಇತ್ತು ಸರ್, ಹೊರಗೆ ಒಯ್ದೇ ಇಲ್ಲ’ ಅನ್ನುವ ಮಾತನ್ನು ನಂಬಬೇಡಿ.

ಶಟರ್ ಕೌಂಟ್, ಅಂದರೆ ಕ್ಯಾಮೆರಾ ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನುವ ಸಂಖ್ಯೆ, ಕೇಳಿ. ಈ ದರ್ಜೆಯ ಕ್ಯಾಮೆರಾಗಳ ಶಟರ್ ಸುಮಾರು 1 ಲಕ್ಷ ಸಲ ಬಡಿಯುವಷ್ಟು ಬಾಳುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ, ಹೆಚ್ಚು ಬಾಳಲೂಬಹುದು. ನಿಕಾನ್‌ನಲ್ಲಿ ತೆಗೆದ ಜೆಪೆಗ್ ಫೈಲಿನೊಳಗೇ ಈ ಸಂಖ್ಯೆ ಇರುತ್ತದೆ, ಮೊಬೈಲ್‌ನಲ್ಲೇ ತೆರೆದು ನೋಡಬಹುದು. ಕ್ಯಾನನ್‌ನಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ, ಹಾಗಾಗಿ ಬಾಡಿಯ ಸವೆತ ನೋಡುವುದೇ ದಾರಿ.

ಒಳ್ಳೆಯ 200ಡಿ ಸಿಗದಿದ್ದರೆ? 200ಡಿ ಮಾರ್ಕ್ 2 ನೋಡಬಹುದು, 1500ಡಿಯೂ ಆಗುತ್ತದೆ. ಇವೆರಡರ ಹಾಟ್ ಶೂದಲ್ಲಿ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಪಿನ್ ಇಲ್ಲ ಅನ್ನುವುದು ಗೊತ್ತಿರಲಿ. ಸ್ಟುಡಿಯೋದವರು ಬಳಸುವ ಅಗ್ಗದ ಫ್ಲ್ಯಾಶ್ ಟ್ರಿಗರ್‌ಗಳು ಆ ಪಿನ್ ಮೇಲೇ ನಡೆಯುತ್ತವೆ. ಮುಂದೆ ಯಾರದಾದರೂ ಸ್ಟುಡಿಯೋದಲ್ಲಿ ಕಲಿಯಲು ಹೋದರೆ ಇದು ಕಾಡುತ್ತದೆ. ಮೊದಲ 200ಡಿಯಲ್ಲಿ ಈ ಪಿನ್ ಇದೆ. ನಿಕಾನ್ ಡಿ3500 ಸಿಕ್ಕರೆ ಅದೂ ಬಹಳ ಚೆಂದದ ಕ್ಯಾಮೆರಾ, ಬ್ಯಾಟರಿ ಒಂದು ಚಾರ್ಜ್‌ಗೆ 1,550 ಫೋಟೋ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಆದರೆ ಅದರ ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಅಗ್ಗಕ್ಕೆ ಸಿಕ್ಕವು ಅಂತ ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತದೆ. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರುವುದನ್ನೇ ನೋಡಿ.

55-250ರಲ್ಲೂ ಹಳೆಯವು, ಹೊಸತು ಅಂತ ಇವೆ. ಹೆಸರಿನ ಕೊನೆಗೆ ಎಸ್‌ಟಿಎಂ ಅಂತ ಇರುವುದನ್ನು ತಗೊಳ್ಳಿ. ಫೋಕಸ್ ಬೇಗ, ಚಿತ್ರವೂ ಚೊಕ್ಕ. ಸ್ವಲ್ಪ ದುಡ್ಡು ಜಾಸ್ತಿ ಹೋದರೂ ಇಲ್ಲಿ ಉಳಿಸಲು ನೋಡಬೇಡಿ.

ಉಳಿತಾಯ ಮಾಡುವ ಜಾಗ ಬೇರೆ ಇವೆ. ಯುವಿ ಫಿಲ್ಟರ್ ಬೇಡ, ಲೆನ್ಸ್ ಹುಡ್ ಸಾಕು. ಫ್ರೀ ಕೊಡುವ ಟ್ರೈಪಾಡ್ ಆಸೆಗೆ ಬೀಳಬೇಡಿ, ಟೆಲಿ ಲೆನ್ಸ್ ಹಾಕಿದರೆ ಬಾಗುತ್ತದೆ. ಒಂದು ದೊಡ್ಡ ಕಾರ್ಡ್ ಬದಲು 32 ಅಥವಾ 64 ಜಿಬಿಯ ಎರಡು ಒಳ್ಳೆಯ ಕಾರ್ಡ್ ತಗೊಳ್ಳಿ, ಅಂಗಡಿಯಿಂದ ಬಿಲ್ ಸಹಿತ, ಯಾಕಂದರೆ ಕಾರ್ಡ್‌ಗಳಲ್ಲಿ ನಕಲಿ ಬಹಳ. ಗಾಳಿ ಊದುವ ರಬ್ಬರ್ ಬ್ಲೋವರ್ ಒಂದು ಬೇಕು. ಬಾಯಿಂದ ಊದಬೇಡಿ, ಎಂಜಲು ಹಾರಿ ಗಾಜಿನ ಮೇಲೆ ಕೂರುತ್ತದೆ. ಜಾತ್ರೆಯಲ್ಲಿ ತೇರು ಎಳೆದು ಉತ್ತತ್ತಿ ಎಸೆಯುವ ಹೊತ್ತಿನಲ್ಲಿ ಎಷ್ಟು ಧೂಳು ಏಳುತ್ತದೆ ಅಂತ ಗೊತ್ತಲ್ವಾ? ಅಲ್ಲಿ ಲೆನ್ಸ್ ಬದಲಿಸಬೇಡಿ. ಯಾವ ಲೆನ್ಸ್ ಬೇಕು ಅಂತ ಮೊದಲೇ ತೀರ್ಮಾನಿಸಿ, ಹಾಕಿಕೊಂಡೇ ಹೋಗಿ. ಜೂನ್ ಬಂದ ಮೇಲೆ ಬ್ಯಾಗಿನಲ್ಲಿ ಇಡುವುದು ಬಿಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗಿನ ತೇವ ಶೇ. 40ರಿಂದ 50ರ ನಡುವೆ ಇದ್ದರೆ ಫಂಗಸ್ ಹತ್ತುವುದಿಲ್ಲ. ತೇವ ತೋರಿಸುವ ಸಣ್ಣ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಅದೊಂದನ್ನು ಡಬ್ಬಿಯೊಳಗೆ ಹಾಕಿಡಿ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸಿ.

ದೀಪಾವಳಿ ಆಫರ್‌ಗೆ ಕಾಯುವುದು ಹೊಸದು ಕೊಳ್ಳುವವರ ಲೆಕ್ಕ. ಸೆಕೆಂಡ್ ಹ್ಯಾಂಡ್‌ಗೆ ಹಬ್ಬ ಮುಗಿದ ಮೇಲೆ ಹುಡುಕಿ. ಹೊಸ ಕ್ಯಾಮೆರಾ ಕೊಂಡವರು ಹಳೆಯದನ್ನು ಕೊಡಲು ಆಗ ಬರುತ್ತಾರೆ. ನವೆಂಬರ್ ಕೊನೆಯೊಳಗೆ ಕೈಗೆ ಬಂದರೆ ಹಕ್ಕಿಗಳ ಪೂರ್ತಿ ಸೀಸನ್ ನಿಮಗೆ ಸಿಗುತ್ತದೆ, ಮದುವೆಗೆ ಮೊದಲು ಕೈ ಪಳಗುತ್ತದೆ. ಕೊಳ್ಳುವ ದಿನ ಬಾಡಿಯ ಸೀರಿಯಲ್ ನಂಬರನ್ನೂ, ಲೆನ್ಸ್‌ಗಳ ನಂಬರನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಮಾರುವವರು ಅಂಗಡಿಯವರಲ್ಲದಿದ್ದರೆ ಅವರ ಹಳೆಯ ಬಿಲ್ಲಿನ ಪ್ರತಿ, ಗುರುತಿನ ಚೀಟಿಯ ಪ್ರತಿ ಕೇಳಿ, ಒಂದು ಹಾಳೆಯಲ್ಲಿ ಸಹಿ ಮಾಡಿಸಿಕೊಳ್ಳಿ, ದುಡ್ಡನ್ನು ನಗದು ಬದಲು ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಡಿ. ಕದ್ದ ಕ್ಯಾಮೆರಾ ಕೈಗೆ ಬಂದರೆ ಕಷ್ಟ ಅನುಭವಿಸುವವರು ಕೊಂಡವರೇ. ಇಷ್ಟಕ್ಕೆ ಒಪ್ಪದವರ ಹತ್ತಿರ ವ್ಯವಹಾರ ಬೇಡ, ಇನ್ನೊಂದು ಕ್ಯಾಮೆರಾ ಸಿಕ್ಕೇ ಸಿಗುತ್ತದೆ.